ದಿಮ್ಮಿಯಿಂದ ಮರದ ಜಾತಿಯನ್ನು ಗೊತ್ತುಮಾಡುವ ಕ್ರಮ

ಲಕ್ಕಲಕಟ್ಟಿ ಮೊದಲಾದ ಗಜೇಂದ್ರಗಡ ಸೀಮೆಯ ಗ್ರಾಮಗಳಲ್ಲಿ ಬೇವು, ಜಾಲಿಗಳು ಹೊಲದ ಬದುವಿನಲ್ಲಿಯೇ ಬೆಳೆಯುತ್ತವೆ. ಸಾಗವಾನಿ, ಮತ್ತಿ, ಹೊನ್ನೆಗಳು ಬಹುಮಟ್ಟಿಗೆ ಪಡುವಣ ಕಾಡುಸೀಮೆಯಿಂದ ಬರತಕ್ಕವು. ನಿಂತ ಮರವನ್ನು ಎಲೆ, ಹೂ, ಕಾಯಿಗಳಿಂದ ಮಕ್ಕಳೂ ಗುರುತಿಸುವರು. ಆದರೆ ತೊಗಟೆ ಉದುರಿದ ದಿಮ್ಮಿಯು ಗರಗಸದ ಯಂತ್ರದ ಮುಂದೆ ಬಿದ್ದಾಗ ಅನುಭವಿಗಳೂ ತಡವರಿಸುವುದುಂಟು. ಗಾಲಿಗೆಂದು ಕೊಂಡ ಕಟ್ಟಿಗೆಯು ಜಾಲಿಯಾಗದೆ ಮೃದುಜಾತಿಯದಾದರೆ ಸುಗ್ಗಿಯ ನಡುವೆ ಚಕ್ಕಡಿ ಮುರಿಯುವುದು. ಆದುದರಿಂದ ಈ ಪರೀಕ್ಷೆಯನ್ನು ಗೌಡರೂ ಒಕ್ಕಲಿಗರೂ ತಿಳಿದಿರುವುದು ಅವಶ್ಯ.

೧. ತೊಗಟೆ. ಇದ್ದಷ್ಟನ್ನು ಮೊದಲು ನೋಡಬೇಕು. ಮತ್ತಿಯ ತೊಗಟೆಯು ದಪ್ಪನಾಗಿ, ಮೊಸಳೆಯ ಚರ್ಮದಂತೆ ಚೌಕ ಚೌಕವಾಗಿ ಸೀಳಿರುವುದು. ಜಾಲಿಯದು ಕಪ್ಪಾಗಿ, ಉದ್ದುದ್ದ ಆಳವಾದ ಬಿರುಕುಗಳುಳ್ಳದ್ದು. ಬೇವಿನ ತೊಗಟೆಯ ಒಳಮೈ ಕೆಂಪು, ರುಚಿ ಕಹಿ.

೨. ಕೊಯ್ದ ಮುಖ. ಬಿಸಿಲು ಮಳೆಗಳಲ್ಲಿ ಬಿದ್ದ ದಿಮ್ಮಿಗಳ ತುದಿಯೆಲ್ಲ ಒಂದೇ ಬೂದಿಬಣ್ಣವಾಗುವುದರಿಂದ ಹಳೆಯ ಮುಖವನ್ನು ನಂಬಬಾರದು. ಹರಿತವಾದ ಉಳಿಯಿಂದ ರೂಪಾಯಿಯಗಲದಷ್ಟನ್ನು ನುಣುಪಾಗಿ ಕೆತ್ತಿ, ನೀರು ಸವರಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಿಂದ ನೋಡಬೇಕು. ಸಾಗವಾನಿಯಲ್ಲಿ ಪ್ರತಿ ವರ್ಷದ ಉಂಗುರದ ಆರಂಭದಲ್ಲಿ ದೊಡ್ಡ ರಂಧ್ರಗಳ ಸಾಲೊಂದು ಕಾಣುವುದು. ಜಾಲಿಯಲ್ಲಿ ರಂಧ್ರಗಳು ಎಲ್ಲೆಡೆ ಹರಡಿರುತ್ತವೆ. ಒಳಗಿನ ಗಟ್ಟಿಭಾಗವಾದ ಚೇಗಿನ ಬಣ್ಣವೂ ಸಾಕ್ಷಿ: ಜಾಲಿಯಲ್ಲಿ ಕೆಂಗಂದು, ಹುಣಸೆಯಲ್ಲಿ ಸಣ್ಣದಾದ ಕಡುಗಂದು, ಬೀಟೆಯಲ್ಲಿ ಕಪ್ಪು ಗೆರೆಗಳುಳ್ಳ ನೇರಳೆ.

೩. ವಾಸನೆ, ಸ್ಪರ್ಶ, ತೂಕ. ಹೊಸದಾಗಿ ಕೊಯ್ದ ಸಾಗವಾನಿಯು ಹಳೆಯ ತೊಗಲಿನ ವಾಸನೆಯುಳ್ಳದ್ದು. ಕೈಗೆ ಎಣ್ಣೆಯ ನಯ ತೋರುವುದು. ಚೆನ್ನಾಗಿ ಒಣಗಿದ ಸಾಗವಾನಿಯು ಘನಮೀಟರಿಗೆ ಸುಮಾರು ೬೫೦ ಕಿಲೋಗ್ರಾಂ ತೂಗುವುದು. ಜಾಲಿಯು ಅದಕ್ಕಿಂತ ಭಾರ. ಹಸಿ ಕಟ್ಟಿಗೆಯು ನೀರಿನಿಂದಲೇ ಭಾರವಾಗಿರುವುದರಿಂದ ತೂಕವೊಂದನ್ನೇ ನೆಚ್ಚಿ ನಿರ್ಣಯಿಸಲಾಗದು.

೪. ನೀರಿನ ಪರೀಕ್ಷೆ. ಹೊನ್ನೆಯ ಚೇಗಿನ ಚಕ್ಕೆಗಳನ್ನು ಗಾಜಿನ ಲೋಟದ ನೀರಿನಲ್ಲಿ ನೆನೆಯಿಟ್ಟರೆ, ನೀರು ಹಳದಿಗಂದಾಗಿ, ಬಿಸಿಲಿಗೆ ಹಿಡಿದಾಗ ನೀಲಿ ಹೊಳಪು ಕೊಡುವುದು.

ಒಂದು ಗುರುತಿನಿಂದ ನಿರ್ಣಯಿಸದೆ ಮೂರು ಗುರುತುಗಳಾದರೂ ಕೂಡಿಬಂದ ಮೇಲೆ ಹೆಸರಿಡಬೇಕು. ಬೆಲೆಬಾಳುವ ಮಾಲಿನಲ್ಲಿ ಸಂಶಯ ಉಳಿದರೆ, ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಚೇಗಿನ ತುಂಡನ್ನು ಕಳುಹಿಸಬಹುದು.

ಬದುವಿನ ಮರಗಳಲ್ಲಿ ಹಿಂದೆ ಹೊಡೆದ ಮೊಳೆ, ಬೇಲಿತಂತಿಗಳು ಅಡಗಿರುವುದುಂಟು. ಜಾಲಿಯಂತಹ ಒಗರು ಕಟ್ಟಿಗೆಯ ತುದಿಯಲ್ಲಿ ನೀಲಿಗಪ್ಪು ಕಲೆ ಕಂಡರೆ ಕಬ್ಬಿಣವಿರಬಹುದೆಂದು ತಿಳಿದು, ಅದನ್ನು ತೆಗೆಯುವವರೆಗೂ ಗರಗಸಕ್ಕೆ ಕೊಡಕೂಡದು. ಅಲಗು ಮುರಿದು ಸಿಡಿದರೆ ಪ್ರಾಣಾಪಾಯವಿದೆ.

ಪರವಾನಿಗೆಯಿಲ್ಲದೆ ಯಂತ್ರವನ್ನು ನಡೆಸಕೂಡದು. ಬೀಟೆ, ಶ್ರೀಗಂಧಗಳನ್ನು ಅರಣ್ಯ ಇಲಾಖೆಯ ಸಾಗಣೆ ಪಾಸಿಲ್ಲದೆ ಅಂಗಳಕ್ಕೆ ಸೇರಿಸಕೂಡದು. ಜಾತಿ ತಿಳಿಯಲಿಲ್ಲವೆಂಬ ಉತ್ತರವು ಯಂತ್ರದ ಯಜಮಾನನನ್ನು ಕಾಯದು.

ಇವೆಲ್ಲಕ್ಕಿಂತ ಸುಲಭವಾದ ಉಪಾಯವೆಂದರೆ, ಮರವನ್ನು ಕಡಿದ ದಿನವೇ, ಎಲೆಗಳಿರುವಾಗ, ದಿಮ್ಮಿಯ ತುದಿಗೆ ಜಾತಿ, ಹೊಲ, ತಾರೀಖುಗಳನ್ನು ಬಣ್ಣದಿಂದ ಬರೆಯುವುದು. ಗುರುತು ಬಲ್ಲ ಪ್ರತಿ ಮರದಿಂದ ಅಂಗೈಯಗಲದ ತುಂಡೊಂದನ್ನು ತೆಗೆದು, ಹೆಸರು ಬರೆದು ಚಾವಡಿಯಲ್ಲಿಟ್ಟರೆ, ಮುಂದೆ ಸಂಶಯ ಬಂದಾಗ ಊರಿಗೆಲ್ಲ ಅದೇ ಒರೆಗಲ್ಲಾಗುವುದು.