ಎರಡನೆಯ ನೋಟ



"ಈ ಪಾಠವನ್ನು ಒಮ್ಮೆ ಓದಿಯಾಯಿತು, ಮತ್ತೇಕೆ ಓದಬೇಕು?" ಎಂದು ನಿಮ್ಮಲ್ಲಿ ಅನೇಕರು ಕೇಳುವುದುಂಟು. ಇದರ ಉತ್ತರವನ್ನು ನಾನು ಗ್ರಂಥದಿಂದಲ್ಲ, ನಮ್ಮ ಸೀಮೆಯ ಬಯಲಾಟವೊಂದರಿಂದ ಕಲಿತೆನು.

ಹೊಸೂರು, ಕೃಷ್ಣಗಿರಿ, ಧರ್ಮಪುರಿಗಳ ಸುತ್ತಣ ಅನೇಕ ಗ್ರಾಮಗಳಲ್ಲಿ ಧರ್ಮರಾಜನ ಇಲ್ಲವೆ ದ್ರೌಪದಿಯಮ್ಮನ ಗುಡಿಗಳಿವೆ. ಬೇಸಗೆಯಲ್ಲಿ ಅಲ್ಲಿ ಭಾರತದ ಉತ್ಸವ ಜರುಗುತ್ತದೆ. ಹಲವೆಡೆ ಅದು 18 ದಿನಗಳದು. ಮಹಾಭಾರತದ ಪರ್ವಗಳು 18, ಯುದ್ಧದ ದಿನಗಳೂ 18 ಎಂಬುದನ್ನು ನೀವು ಬಲ್ಲಿರಿ. ಹಗಲು ವಿಲ್ಲಿಪುತ್ತೂರಾರರ ತಮಿಳು ಭಾರತದ ಪ್ರವಚನ. ರಾತ್ರಿ ತೆರುಕ್ಕೂತ್ತು, ಎಂದರೆ ಬೀದಿಯಾಟ. ತಮಿಳು, ತೆಲುಗು, ಕನ್ನಡ ಮನೆಮಾತಿನವರು ಒಂದೇ ಚಾಪೆಯ ಮೇಲೆ ಕುಳಿತು ಬೆಳಗಿನವರೆಗೂ ನೋಡುವರು.

ಈ ಆಟಕ್ಕೆ ರಂಗಮಂದಿರದ ಗೋಡೆಗಳಿಲ್ಲ. ಇಡೀ ಊರೇ ರಂಗಸ್ಥಳ. ಬಕಾಸುರವಧೆಯ ದಿನ ಭೀಮನು ಅನ್ನದ ಬಂಡಿಯನ್ನೇರಿ ಬೀದಿಗಳಲ್ಲಿ ಸಾಗುವನು. ಅರ್ಜುನನ ತಪಸ್ಸಿನ ದಿನ ವೇಷಧಾರಿಯು ಎತ್ತರದ ಕಂಬವನ್ನು ಹಾಡುತ್ತ ಏರಿ, ಮೇಲಿನಿಂದ ಹೂವು, ನಿಂಬೆಹಣ್ಣುಗಳನ್ನು ಎಸೆಯುವನು. ಕೆಳಗೆ ಸಂತಾನವನ್ನು ಬೇಡುವ ಸ್ತ್ರೀಯರು ಸೆರಗೊಡ್ಡಿ ನಿಲ್ಲುವರು. ಕೊನೆಯ ದಿನ ಬಯಲಿನಲ್ಲಿ ಮಣ್ಣಿನಿಂದ ಮಾಡಿದ ಬೃಹದಾಕಾರದ ದುರ್ಯೋಧನನು ಮಲಗಿರುವನು. ಭೀಮನು ಅವನ ತೊಡೆಗೆ ಹೊಡೆದ ಮೇಲೆ ದ್ರೌಪದಿಯ ಮುಡಿ ಕಟ್ಟುವರು. ಸಂಜೆ ಭಕ್ತರು ಕೆಂಡ ಹಾಯುವರು. ಆಡುವವರಾರು, ನೋಡುವವರಾರು ಎಂಬ ಭೇದವೇ ಅಳಿದುಹೋಗುತ್ತದೆ.

ನ್ಯೂಯಾರ್ಕ್ ನಗರದಲ್ಲಿ 2011ರಿಂದ 2025ರವರೆಗೆ ನಡೆದ 'ಸ್ಲೀಪ್ ನೋ ಮೋರ್' ಎಂಬ ನಾಟಕದಲ್ಲಿ ಪ್ರೇಕ್ಷಕರು ಮುಖವಾಡ ಧರಿಸಿ, ಕಟ್ಟಡವೊಂದರ ಅಂತಸ್ತುಗಳಲ್ಲಿ ತಾವೇ ಅಲೆಯುತ್ತ ಮ್ಯಾಕ್‌ಬೆತ್ ಕಥೆಯನ್ನು ಕಾಣುತ್ತಿದ್ದರು. ಮತ್ತೆ ಮತ್ತೆ ಹೋಗಿ, ಹಿಂದೆ ಕಾಣದ ಕೋಣೆಗಳನ್ನು ಹುಡುಕಿದವರು ಬಹಳ ಮಂದಿ. ನಮ್ಮ ಹಳ್ಳಿಗರಿಗೆ ಈ ಮರ್ಮ ಹೊಸದಲ್ಲ.

ಮೊದಲನೆಯ ವರ್ಷ ನಾನು ಮುಂದಿನ ಕುರ್ಚಿಯಲ್ಲಿ ಕುಳಿತು, ಮಧ್ಯರಾತ್ರಿಗೆ ಎದ್ದು ಬಂದೆನು. ಎಲ್ಲವನ್ನೂ ಕಂಡೆನೆಂದು ಭಾವಿಸಿದೆನು. ಮರುವರ್ಷ ಕೊನೆಯ ರಾತ್ರಿಯ ಆಟಕ್ಕೆ ಹೋದಾಗ ಕುರ್ಚಿ ದೊರೆಯಲಿಲ್ಲ. ಸುತ್ತಿಕೊಂಡು ಹಿಂಭಾಗಕ್ಕೆ ನಡೆದೆನು. ಅಲ್ಲಿ ವೇಷಧಾರಿಗಳು ಕೈಗನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಿದ್ದರು. ಮುಂದಿನಿಂದ ಚಿನ್ನದಂತೆ ಹೊಳೆದಿದ್ದ ಕಿರೀಟ, ಭುಜಕೀರ್ತಿಗಳು ಹಗುರವಾದ ಮರಕ್ಕೆ ಕನ್ನಡಿಚೂರು ಅಂಟಿಸಿದವು. ದುರ್ಯೋಧನನ ವೇಷದವನ ಎದುರು ದೀಪ ಹಿಡಿದು ಕುಳಿತಿದ್ದವನು ನಮ್ಮ ಶಾಲೆಯ ಎಂಟನೆಯ ತರಗತಿಯ ಬಾಲಕ! ತರಗತಿಯಲ್ಲಿ ತೂಕಡಿಸುತ್ತಾನೆಂದು ನಾನು ಅವನನ್ನು ಹಲವು ಸಲ ಬೆಂಚಿನ ಮೇಲೆ ನಿಲ್ಲಿಸಿದ್ದೆನು.

"ಏನಪ್ಪಾ, ನೀನಿಲ್ಲಿ?" ಎಂದೆನು.

"ನಮ್ಮಪ್ಪ, ಸಾರ್. ಆಟ ಇದ್ದ ರಾತ್ರಿ ಕಿರೀಟ ಕಟ್ಟೋಕೆ ನಾನೇ ಬರಬೇಕು" ಎಂದು ತಲೆ ತಗ್ಗಿಸಿದನು.

ಸ್ವಲ್ಪ ಹೊತ್ತಿನಲ್ಲಿ ಸಂಕೋಚ ಕಳೆಯಿತು. ತಂದೆಯ ಪಾತ್ರದ ಮಾತುಗಳನ್ನು ತಮಿಳಿನಲ್ಲಿ ಒಪ್ಪಿಸಿ, ನನಗಾಗಿ ಅರ್ಥವನ್ನು ಕನ್ನಡದಲ್ಲಿ ವಿವರಿಸಿದನು. ಮಣ್ಣಿನ ವಿಗ್ರಹದ ತೊಡೆಯಲ್ಲಿ ಕೆಂಪುನೀರಿನ ಮಡಕೆಯನ್ನು ಹುದುಗಿಸಿರುವ ಸ್ಥಳವನ್ನೂ ತೋರಿಸಿದನು. ನನಗೆ ನಾಚಿಕೆಯಾಯಿತು. ಎರಡು ವರ್ಷ ನನ್ನೆದುರಿಗೆ ಕುಳಿತಿದ್ದ ಬಾಲಕನ ಒಳಗಿನ ಈ ಕೋಣೆಯನ್ನು ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಮುಂದಿನ ವಾರ ಗದಾಯುದ್ಧದ ಕಥೆಯನ್ನು ತರಗತಿಗೆ ಹೇಳಿದವನು ನಾನಲ್ಲ, ಅವನು. ಅಂದು ಯಾರೂ ತೂಕಡಿಸಲಿಲ್ಲ.

ಮಹಾಕವಿ ರನ್ನನು ತನ್ನ 'ಸಾಹಸಭೀಮವಿಜಯ'ದಲ್ಲಿ ಭೀಮ-ದುರ್ಯೋಧನರ ಗದಾಯುದ್ಧವನ್ನು ಮುಂದಿರಿಸಿಕೊಂಡು, ನಡೆದುಹೋದ ಭಾರತವನ್ನೆಲ್ಲ ಸಿಂಹಾವಲೋಕನ ಕ್ರಮದಿಂದ ಹೇಳಿದನು. ಮುಂದೆ ನಡೆಯುವ ಸಿಂಹವು ಆಗಾಗ್ಗೆ ತಿರುಗಿ ನೋಡುವಂತೆ ನೋಡುವುದೇ ಸಿಂಹಾವಲೋಕನ. ಮೊದಲ ಓದಿನಲ್ಲಿ ಕಥೆ ದೊರೆಯುತ್ತದೆ. ಎರಡನೆಯದರಲ್ಲಿ ಅದರ ಕಾರಣ ದೊರೆಯುತ್ತದೆ.

ಪೋಷಕರಲ್ಲಿ ಒಂದು ವಿಜ್ಞಾಪನೆ: ನಿಮ್ಮ ಮಕ್ಕಳು ಮನೆಯಲ್ಲಿ, ಹೊಲದಲ್ಲಿ, ಆಟದ ಬಯಲಿನಲ್ಲಿ ಕಲಿತಿರುವುದನ್ನು ಉಪಾಧ್ಯಾಯರಿಗೆ ಸಂಕೋಚವಿಲ್ಲದೆ ತಿಳಿಸಿರಿ. ನಾವು ಕಾಣದ ಬಾಗಿಲುಗಳನ್ನು ನೀವು ಬಲ್ಲಿರಿ.

ಅಭ್ಯಾಸ:
1. ನಿಮ್ಮ ಊರಿನ ಉತ್ಸವವೊಂದನ್ನು ಈ ವರ್ಷ ಬೇರೊಂದು ಸ್ಥಳದಲ್ಲಿ ನಿಂತು ನೋಡಿ, ಹೊಸದಾಗಿ ಕಂಡುದನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.
2. ಹಿಂದೆ ಓದಿದ ಪಾಠವೊಂದನ್ನು ಮತ್ತೆ ಓದಿ, ಮೊದಲು ಗಮನಿಸದ ಮೂರು ಸಂಗತಿಗಳನ್ನು ಗುರುತಿಸಿರಿ.
3. ನಿಮ್ಮ ಪಕ್ಕದಲ್ಲಿ ಕುಳಿತುಕೊಳ್ಳುವ ಸಹಪಾಠಿಗೆ ಏನು ಬರುತ್ತದೆಂದು ಕೇಳಿ ತಿಳಿಯಿರಿ.