ಬಂದೂಕು ಸುಮ್ಮನಾದ ಮೇಲೆ ಮನೆಯೊಳಗೆ ಏನಾಗುತ್ತೆ?

ಯುದ್ಧದ ಸುದ್ದಿ ಓದುವಾಗ ನಾವು ಎಷ್ಟು ಜನ ಸತ್ತರು, ಯಾವ ಊರು ಯಾರ ಕೈಗೆ ಹೋಯ್ತು ಅಂತ ನೋಡ್ತೀವಿ. ಒಪ್ಪಂದಕ್ಕೆ ಸಹಿ ಬಿದ್ದ ದಿನ ನಮ್ಮ ಪಾಲಿಗೆ ಸುದ್ದಿ ಮುಗೀತು. ಆದರೆ ಯುದ್ಧ ಕಂಡ ಊರುಗಳಲ್ಲಿ ಮಹಿಳೆಯರನ್ನು ಮಾತಾಡಿಸಿದ ಸಂಶೋಧಕರಿಗೆ ಮತ್ತೆ ಮತ್ತೆ ಸಿಕ್ಕಿದ ಉತ್ತರ ಬೇರೆ: ಅವರ ಮೇಲೆ ಕೈ ಎತ್ತುವವರಲ್ಲಿ ಹೊರಗಿನ ಸೈನಿಕರಿಗಿಂತ ಮನೆಯ ಗಂಡಂದಿರೇ ಹೆಚ್ಚು. ಇದನ್ನು ತಡೆಯೋಕೆ ಆಗುತ್ತಾ? ಆಫ್ರಿಕಾದ ಎರಡು ದೇಶಗಳಲ್ಲಿ ನಡೆದ ಪ್ರಯೋಗಗಳ ಮೂಲಕ ನೋಡೋಣ.

ಯಾಕೆ ಹೆಚ್ಚಾಗುತ್ತೆ?

ಯುದ್ಧದಲ್ಲಿ ಹೊಲ, ಅಂಗಡಿ, ಕೆಲಸ ಎಲ್ಲ ಹೋಗುತ್ತೆ. ಕುಟುಂಬ ಊರು ಬಿಡಬೇಕಾಗುತ್ತೆ. ಜಗಳ ಆದಾಗ ನಡುವೆ ಬಂದು ಬಿಡಿಸುತ್ತಿದ್ದ ಅಣ್ಣತಮ್ಮಂದಿರು, ಹಿರಿಯರು ಚದುರಿಹೋಗಿರುತ್ತಾರೆ. ದೂರು ಕೊಡೋಣ ಅಂದ್ರೆ ಪೊಲೀಸ್ ಠಾಣೆಯೂ ಇಲ್ಲ, ಕೋರ್ಟೂ ಇಲ್ಲ. ಜೊತೆಗೆ ಕುಡಿತ, ಕಣ್ಣಾರೆ ಕಂಡ ಸಾವುಗಳ ನೆನಪು. ಆದರೆ ಇಲ್ಲಿ ಒಂದು ಮಾತು ಮರೆಯಬಾರದು. ಇದೇ ಕಷ್ಟವನ್ನು ಹೆಂಡತಿಯೂ ಅನುಭವಿಸಿರುತ್ತಾಳೆ. ಹಾಗಾಗಿ ಕಷ್ಟ ಒಂದೇ ಕಾರಣ ಅಲ್ಲ. ಹೆಂಡತಿಗೆ ಹೊಡೆಯೋದು ಗಂಡನ ಹಕ್ಕು ಅನ್ನೋ ನಂಬಿಕೆ ಯುದ್ಧಕ್ಕೂ ಮೊದಲೇ ಅಲ್ಲಿತ್ತು. ಯುದ್ಧ ಅದಕ್ಕಿದ್ದ ತಡೆಗಳನ್ನು ಕಿತ್ತುಹಾಕಿತು, ಅಷ್ಟೇ.

ಐವರಿ ಕೋಸ್ಟ್: ದುಡ್ಡು ಮತ್ತು ಮಾತು

ಫುಟ್‌ಬಾಲ್ ನೋಡುವವರಿಗೆ ಇದು ಡಿಡಿಯರ್ ಡ್ರೋಗ್ಬಾ ಅವರ ದೇಶ. ಇಲ್ಲಿ 2002ರಲ್ಲಿ ಅಂತರ್ಯುದ್ಧ ಶುರುವಾಯಿತು. ಅದರ ಗಾಯ ಮಾಯುವ ಮೊದಲೇ, 2010ರ ಚುನಾವಣೆಯಲ್ಲಿ ಸೋತ ಅಧ್ಯಕ್ಷ ಕುರ್ಚಿ ಬಿಡಲಿಲ್ಲ. ಆಮೇಲೆ ನಡೆದ ಹಿಂಸೆಯಲ್ಲಿ ಸುಮಾರು 3,000 ಜನ ಸತ್ತರು.

ಇದೇ ವರ್ಷಗಳಲ್ಲಿ, ಅಂದರೆ 2010ರಿಂದ 2012ರವರೆಗೆ, ದೇಶದ ವಾಯವ್ಯ ಭಾಗದ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿ ಎಂಬ ಸಂಸ್ಥೆ ಮಹಿಳೆಯರ ಉಳಿತಾಯ ಗುಂಪುಗಳನ್ನು ಕಟ್ಟಿತು. ನಮ್ಮ ಸ್ತ್ರೀಶಕ್ತಿ ಸಂಘಗಳ ಹಾಗೇ ಅಂದ್ಕೊಳ್ಳಿ: ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಹಾಕಿ, ಬೇಕಾದವರು ಅದರಿಂದ ಸಾಲ ತಗೊಳ್ಳೋದು. ಒಟ್ಟು 47 ಗುಂಪು, 934 ಮಹಿಳೆಯರು. ಅರ್ಧದಷ್ಟು ಗುಂಪುಗಳಿಗೆ ಉಳಿತಾಯ ಮಾತ್ರ. ಉಳಿದವರಿಗೆ ಉಳಿತಾಯದ ಜೊತೆ ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡುವ 8 ಸಭೆಗಳು. ಮನೆಯ ಖರ್ಚು ಯಾರು ತೀರ್ಮಾನಿಸಬೇಕು, ಹೆಂಡತಿಯ ಕೆಲಸಕ್ಕೆ ಎಷ್ಟು ಬೆಲೆ, ಇಂಥವೇ ಮಾತು. ಯಾವ ಗುಂಪಿಗೆ ಯಾವುದು ಅಂತ ಲಾಟರಿ ರೀತಿ ನಿರ್ಧಾರವಾಯಿತು. ಲ್ಯಾಬ್‌ನಲ್ಲಿ ಒಂದೇ ಒಂದು ವೇರಿಯಬಲ್ ಬದಲಿಸಿ ಉಳಿದದ್ದನ್ನು ಹಾಗೇ ಇಡ್ತೀವಲ್ಲ, ಅದೇ ವಿಧಾನ.

ರಿಸಲ್ಟ್ ಓದೋದು ಹೇಗೆ?

ಮಾತುಕತೆ ಇದ್ದ ಗುಂಪಿನಲ್ಲಿ ಹೊಡೆತ ಮತ್ತು ಲೈಂಗಿಕ ಹಿಂಸೆ ಸ್ವಲ್ಪ ಕಡಿಮೆ ಇತ್ತು. ಆದರೆ ವ್ಯತ್ಯಾಸ ತುಂಬಾ ಚಿಕ್ಕದು, ಆಕಸ್ಮಿಕವಾಗಿಯೂ ಅಷ್ಟು ಬರಬಹುದು. ಹೆಂಡತಿಯ ದುಡ್ಡು ಕಿತ್ತುಕೊಳ್ಳೋದು, ಮನೆ ಖರ್ಚಿಗೆ ಕೊಡದೇ ಇರೋದು, ಇಂಥ ಆರ್ಥಿಕ ಕಿರುಕುಳ ಮಾತ್ರ ಸ್ಪಷ್ಟವಾಗಿ ಇಳಿದಿತ್ತು.

ಇನ್ನೊಂದು ಅಂಶ. ಗಂಡನ ಜೊತೆ ಮುಕ್ಕಾಲು ಪಾಲಿಗಿಂತ ಹೆಚ್ಚು ಸಭೆಗಳಿಗೆ ಬಂದ ಮಹಿಳೆಯರಲ್ಲಿ ಹೊಡೆತವೂ ಸ್ಪಷ್ಟವಾಗಿ ಕಡಿಮೆಯಾಗಿತ್ತು. "ಹಾಗಾದ್ರೆ ಎಲ್ಲರನ್ನೂ ಎಲ್ಲಾ ಸಭೆಗೂ ಕರೆಸಿದ್ರೆ ಆಯ್ತು" ಅಂತ ಅನ್ನಿಸಬಹುದು. ಇಲ್ಲಿ ಹುಷಾರಾಗಿರಬೇಕು. ತಪ್ಪದೇ ಬಂದ ಗಂಡಂದಿರು ಮೊದಲಿನಿಂದಲೇ ಬದಲಾಗೋಕೆ ಮನಸ್ಸಿದ್ದವರು ಆಗಿರಬಹುದಲ್ಲ? ಸಭೆಗೆ ಬರಬೇಕೋ ಬೇಡವೋ ಅನ್ನೋದನ್ನು ಲಾಟರಿ ನಿರ್ಧರಿಸಿರಲಿಲ್ಲ, ಅವರೇ ನಿರ್ಧರಿಸಿದ್ದರು.

ರುವಾಂಡಾ: ಅಪ್ಪ ಆಗುವ ಹೊತ್ತು

1994ರಲ್ಲಿ ಸುಮಾರು 100 ದಿನಗಳಲ್ಲಿ ಲಕ್ಷಾಂತರ ಟುಟ್ಸಿಗಳ ನರಮೇಧ ಕಂಡ ದೇಶ ಇದು. ಇಲ್ಲಿ 'ಬಂಡೆಬೆರೆಹೋ' ಎಂಬ ಕಾರ್ಯಕ್ರಮ ನಡೆಯಿತು. ಆ ಪದಕ್ಕೆ 'ಮಾದರಿ ವ್ಯಕ್ತಿ' ಅಂತ ಅರ್ಥ. ಇದು ಅಪ್ಪ ಆಗಲಿರುವವರನ್ನು ಮತ್ತು ಚಿಕ್ಕ ಮಕ್ಕಳ ಅಪ್ಪಂದಿರನ್ನು ಸೇರಿಸಿಕೊಂಡಿತು. ಗಂಡಸರಿಗೆ 15 ಸಭೆ, ಅದರಲ್ಲಿ 8ಕ್ಕೆ ಹೆಂಡತಿಯೂ ಬರಬೇಕು. ಬಸಿರು, ಮಗುವಿನ ಆರೈಕೆ, ಮನೆಗೆಲಸ ಹಂಚಿಕೊಳ್ಳೋದು, ಜಗಳ ಬಗೆಹರಿಸೋದು ಇವೇ ಪಾಠ. ನಡೆಸಿಕೊಟ್ಟವರು ತರಬೇತಿ ಪಡೆದ ಅದೇ ಊರಿನ ಅಪ್ಪಂದಿರು.

ಸುಮಾರು 1,200 ಜೋಡಿಗಳನ್ನು ಲಾಟರಿ ಮೂಲಕ ಎರಡು ಭಾಗ ಮಾಡಿ, 21 ತಿಂಗಳ ನಂತರ ಹೋಲಿಸಿದರು. ಕಾರ್ಯಕ್ರಮಕ್ಕೆ ಸೇರದ ಮನೆಗಳಲ್ಲಿ ಶೇ. 57ರಷ್ಟು ಮಹಿಳೆಯರು ಹಿಂದಿನ ಒಂದು ವರ್ಷದಲ್ಲಿ ಗಂಡನಿಂದ ದೈಹಿಕ ಹಿಂಸೆ ಆಗಿದೆ ಅಂದರು. ಸೇರಿದ ಮನೆಗಳಲ್ಲಿ ಶೇ. 33. ಮಕ್ಕಳಿಗೆ ಹೊಡೆಯೋದೂ ಕಡಿಮೆಯಾಗಿತ್ತು. ಹಿಂಸೆ ಬಗ್ಗೆ ಭಾಷಣ ಮಾಡೋದಕ್ಕಿಂತ, ಹುಟ್ಟೋ ಮಗು ಬಗ್ಗೆ ಮಾತು ಶುರು ಮಾಡಿದ್ದು ಗಂಡಸರನ್ನು ಸಭೆಗೆ ಎಳೆಯೋಕೆ ಒಳ್ಳೆ ದಾರಿ ಅಂತ ನಮಗನ್ನಿಸುತ್ತೆ.

ಕೇಳೋದಕ್ಕೂ ಒಂದು ಕ್ರಮ ಇದೆ

ಈ ಅಂಕಿಗಳು ಸುಮ್ಮನೆ ಸಿಗೋದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲೇ ಇದಕ್ಕೆ ನಿಯಮ ಕೊಟ್ಟಿದೆ. ಮಹಿಳೆಯನ್ನು ಒಬ್ಬಳೇ ಇರುವಾಗ ಕೇಳಬೇಕು, ಒಂದು ಮನೆಯಲ್ಲಿ ಒಬ್ಬರನ್ನು ಮಾತ್ರ ಕೇಳಬೇಕು, ಯಾರಾದರೂ ಬಂದರೆ ವಿಷಯ ಬದಲಿಸಬೇಕು, ಸಹಾಯ ಎಲ್ಲಿ ಸಿಗುತ್ತೆ ಅಂತ ಹೇಳಬೇಕು. ಯಾಕಂದ್ರೆ ಅವಳು ಹೇಳಿದ್ದು ಗಂಡನ ಕಿವಿಗೆ ಬಿದ್ದರೆ, ಸಂಶೋಧಕರು ಹೊರಟ ಮೇಲೆ ಹೊಡೆತ ತಿನ್ನೋದು ಅವಳೇ. ಗೂಗಲ್ ಫಾರ್ಮ್ ಮಾಡಿ ಎಲ್ಲಾ ಗ್ರೂಪಿಗೂ ಕಳಿಸೋ ಅಭ್ಯಾಸ ಇರೋ ನಾವು ಇದನ್ನು ಮುಖ್ಯವಾಗಿ ಕಲಿಯಬೇಕು.

ಕಲಿತದ್ದು

ದುಡ್ಡಿನ ಬಲ ಹೆಂಡತಿಗೆ ಬೇಕು, ಆದರೆ ಮನೆಯೊಳಗಿನ ನಂಬಿಕೆ ಬದಲಾಗಬೇಕಾದರೆ ಗಂಡನೂ ಆ ಕೋಣೆಯಲ್ಲಿ ಕೂತಿರಬೇಕು, ಅದೂ ತಿಂಗಳುಗಟ್ಟಲೆ. ರುವಾಂಡಾದ ಶೇ. 33 ನಮಗೆ ಎರಡು ಮಾತು ಹೇಳುತ್ತೆ: ಹಿಂಸೆ ಕಡಿಮೆ ಮಾಡಬಹುದು, ಹಾಗೇ, ಇಷ್ಟೆಲ್ಲಾ ಮಾಡಿದ ಮೇಲೂ ಮೂವರಲ್ಲಿ ಒಬ್ಬಳು ಹೊಡೆತ ತಿಂದಿದ್ದಾಳೆ. ಶಾಂತಿ ಒಪ್ಪಂದ ಎಲ್ಲಾ ಮನೆಯೊಳಗೂ ಹೋಗಿಲ್ಲ. ಮುಂದಿನ ಸಲ ಯುದ್ಧ ನಿಂತ ಸುದ್ದಿ ಓದುವಾಗ ಇಷ್ಟಾದರೂ ನೆನಪಿಟ್ಟುಕೊಳ್ಳೋಣ.