ಸಾಂಕ್ರಾಮಿಕ ರೋಗದ ಕಾಲದಲ್ಲಿ ಗರ್ಭಿಣಿಯ ದೇಹ ಮತ್ತು ಮನಸ್ಸು



2020ರ ಮಾರ್ಚ್ ತಿಂಗಳನ್ನು ನಮ್ಮ ಜಿಲ್ಲೆಯವರು ಮರೆಯಲಾರರು. ಕೊರೋನಾ ರೋಗದಿಂದ ಭಾರತದಲ್ಲಿ ಮೊದಲು ಮರಣ ಹೊಂದಿದವರು ಕಲಬುರಗಿಯ ವೃದ್ಧರೊಬ್ಬರು. ಬಳಿಕ ಸಂಚಾರ ನಿಂತಿತು. ಮುಂಬಯಿ, ಪುಣೆಗಳಿಗೆ ದುಡಿಯಲು ಹೋಗಿದ್ದವರು ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಿಗೆ ಮರಳಿದರು. ಆಸ್ಪತ್ರೆಗೆ ಹೋದರೆ ರೋಗ ತಗಲೀತೆಂದು ಅಂಜಿ ಗರ್ಭಿಣಿಯರು ತಪಾಸಣೆಯನ್ನು ತಪ್ಪಿಸಿಕೊಂಡದ್ದುಂಟು.

ಅಂಥ ಒಬ್ಬ ತಾಯಿ ಎಂಟನೆಯ ತಿಂಗಳಲ್ಲಿ ನನ್ನ ಬಳಿಗೆ ಬಂದಳು. ಮುಖ, ಕೈಕಾಲುಗಳು ಬಾತಿದ್ದವು, ರಕ್ತದೊತ್ತಡ ಏರಿತ್ತು. "ರೋಗಕ್ಕ ಅಂಜಿ ಮೂರು ತಿಂಗಳು ಮನ್ಯಾಗೇ ಕುಂತಿದ್ವಿ ಸಾಹೇಬ್ರ" ಎಂದು ಪತಿ ನುಡಿದ. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದ್ದರಿಂದ ತಾಯಿ, ಮಗು ಇಬ್ಬರೂ ಉಳಿದರು. ತಪಾಸಣೆ ತಪ್ಪದಿದ್ದರೆ ಈ ಅಪಾಯವು ಮೊದಲೇ ತಿಳಿಯುತ್ತಿತ್ತು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೊರೋನಾ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಆದರೂ ಸಾಂಕ್ರಾಮಿಕ ರೋಗಗಳು ಮತ್ತೆ ಬರಬಹುದು. ಆದುದರಿಂದ ಕೆಳಗಿನ ವಿಷಯಗಳನ್ನು ಅರಿತಿರಬೇಕು.

1. ತಪಾಸಣೆ: ಗರ್ಭ ನಿಂತ ಮೊದಲ ಮೂರು ತಿಂಗಳೊಳಗೆ ಹೆಸರು ನೋಂದಾಯಿಸಿ, ತಾಯಿ ಕಾರ್ಡ್ ಪಡೆಯಿರಿ. ಹೆರಿಗೆಯವರೆಗೆ ಕನಿಷ್ಠ 4 ಬಾರಿ ತೂಕ, ರಕ್ತದೊತ್ತಡ, ರಕ್ತ ಹಾಗೂ ಮೂತ್ರದ ಪರೀಕ್ಷೆ ಆಗಲೇಬೇಕು. ರೋಗ ಹರಡಿರುವಾಗ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ, ಜನಸಂದಣಿ ಇಲ್ಲದ ವೇಳೆಯಲ್ಲಿ ಹೋಗಿರಿ.

2. ಶುಚಿತ್ವ: ಹೊರಗಿನಿಂದ ಬಂದವರು ಸಾಬೂನಿನಿಂದ ಕೈ ತೊಳೆಯದೆ ಗರ್ಭಿಣಿಯ ಬಳಿಗೆ ಹೋಗಬಾರದು. ಜನರಿರುವೆಡೆ ಮೂಗು ಬಾಯಿ ಮುಚ್ಚುವ ಮಾಸ್ಕ್ ಇರಲಿ. ಕುಬುಸದ ಕಾರ್ಯವನ್ನು ಮನೆಯವರಷ್ಟೇ ಸೇರಿ ಮಾಡಿರಿ. ವೈದ್ಯರು ಹೇಳಿದ ಲಸಿಕೆಗೆ ಅಂಜಬೇಡಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ಗರ್ಭಿಣಿಯರಿಗೂ ಕೊರೋನಾ ಲಸಿಕೆ ನೀಡಲು ಒಪ್ಪಿಗೆ ಕೊಟ್ಟಿತು.

3. ಆಹಾರ ಮತ್ತು ವಿಶ್ರಾಂತಿ: ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ, ಹಾಲು, ಮೊಟ್ಟೆ ಇವೆಲ್ಲ ಪೌಷ್ಟಿಕವಾದುವು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಗರ್ಭಿಣಿ ಉಣ್ಣುವ ಪದ್ಧತಿ ಸಲ್ಲದು. ನಾಲ್ಕನೆಯ ತಿಂಗಳಿನಿಂದ ಕಬ್ಬಿಣಾಂಶದ ಮಾತ್ರೆಯನ್ನು ದಿನಕ್ಕೊಂದರಂತೆ ಕನಿಷ್ಠ 180 ದಿನ ಸೇವಿಸಬೇಕು, ಚಹಾದೊಡನೆ ಸೇವಿಸಬಾರದು. ಮಲ ಕಪ್ಪಾದರೆ ಗಾಬರಿ ಬೇಡ. ಶಹಾಬಾದ, ವಾಡಿಯ ಸುತ್ತಲಿನ ಕಲ್ಲುಗಣಿಗಳಲ್ಲಿ ದುಡಿಯುವ ಗರ್ಭಿಣಿಯರು ಭಾರ ಎತ್ತಬಾರದು. ಬಿಸಿಲುಗಾಲದಲ್ಲಿ ಮೇಲಿಂದ ಮೇಲೆ ನೀರು ಕುಡಿಯಬೇಕು.

4. ಮನಸ್ಸು: ಭಯ, ನಿದ್ರಾಹೀನತೆ, ಕಾರಣವಿಲ್ಲದ ಅಳು ಇವು ಗಾಳಿಸೋಕೂ ಅಲ್ಲ, ಸೋಗೂ ಅಲ್ಲ. ಪತಿಯಾದವನು ದಿನವೂ ಕೆಲಹೊತ್ತು ಆಕೆಯ ಬಳಿ ಕುಳಿತು ಮಾತು ಕೇಳಬೇಕು. ನೀರು ತರುವಂಥ ಕೆಲಸದಲ್ಲಿ ಕೈಗೂಡಿಸಬೇಕು. ಸಾವು ನೋವಿನ ವದಂತಿಗಳನ್ನು ಆಕೆಯ ಮುಂದೆ ಆಡಬಾರದು. ತವರಿಗೆ ಹೋಗಲಾಗದಿದ್ದರೆ ತಾಯಿಯೊಡನೆ ಫೋನಿನಲ್ಲಿ ಮಾತನಾಡಿಸಿರಿ. ದುಗುಡ ಎರಡು ವಾರ ಮೀರಿದರೆ ವೈದ್ಯರಿಗೆ ತಿಳಿಸಿರಿ. ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ.

5. ಅಪಾಯದ ಚಿಹ್ನೆಗಳು: ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖದ ಬಾವು, ಫಿಟ್ಸ್, ಜ್ವರ, ಉಸಿರಾಟದ ತೊಂದರೆ, ಮಗುವಿನ ಚಲನೆ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗಿರಿ.

ಹೆರಿಗೆಯಾದ ಒಂದು ಗಂಟೆಯೊಳಗೆ ಮಗುವಿಗೆ ಮೊಲೆಹಾಲು ಕೊಡಬೇಕು. ತಾಯಿಗೆ ಕೊರೋನಾ ಇದ್ದರೂ ಮಾಸ್ಕ್ ಧರಿಸಿ, ಕೈ ತೊಳೆದು ಹಾಲೂಡಿಸಬಹುದು.

ಇಂದು ರಾತ್ರಿ ಊಟವಾದ ಮೇಲೆ ಇಬ್ಬರೂ ತಾಯಿ ಕಾರ್ಡನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಿ. ಮುಂದಿನ ತಪಾಸಣೆ ಯಾವ ದಿನ? ಜೊತೆಗೆ ಯಾರು ಹೋಗುವರು? ನಡುರಾತ್ರಿ ನೋವು ಬಂದರೆ ವಾಹನ ಯಾವುದು? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿದ್ಧವಿದ್ದ ಮನೆಯಲ್ಲಿ ಗರ್ಭಿಣಿಯ ಅರ್ಧ ಭಯ ತಾನಾಗಿಯೇ ಕಳೆಯುವುದು.